ಕಲೆಯ ಮೇಲೆ ಇಸ್ತ್ರಿ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಪುಟ್ಟೀ,

ನೀನು ಅಜ್ಜಿಯಾದರೂ ನಿನ್ನನ್ನು ಪುಟ್ಟಿ ಎಂದೇ ಕರೆಯುತ್ತೇನೆ, ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ. ಹೇಗಿದ್ದೀ? ಅಲ್ಲಿಯ ಚಳಿಗೆ ಮಂಡಿನೋವು ಜಾಸ್ತಿಯಾಗಿಲ್ಲ ತಾನೇ? ನಿನ್ನ ಮಗಳಿಗೆ ನಾಲ್ಕು ಗಂಟೆಯಾದರೂ ಒಟ್ಟಿಗೆ ನಿದ್ದೆ ಸಿಗುತ್ತಿದೆಯಾ, ಇಲ್ಲ ನಿನ್ನ ಮೊಮ್ಮಗ ಗುಂಡ ಬಿಡುತ್ತಿಲ್ಲವಾ? ಅವನ ಕೆನ್ನೆಯ ಕೆಂಪು ಇಳಿಯಿತೇ? ನೀನು ಹೊರಡುವ ದಿನ ಯಾವುದಕ್ಕೂ ಇರಲಿ ಎಂದು ನಿನ್ನ ಕೈಚೀಲದ ಪಕ್ಕದ ಜೇಬಿನಲ್ಲಿ ನನ್ನ ಮುಲಾಮಿನ ಎರಡು ಟ್ಯೂಬ್ ಇಟ್ಟಿದ್ದೆ. ನೋಡಿದೆಯೋ ಇಲ್ಲವೋ. ದಿನಕ್ಕೆರಡು ಸಲ, ತೆಳ್ಳಗೆ ಹಚ್ಚು. ಮೂರನೇ ದಿನಕ್ಕೆ ಕೆನ್ನೆ ಬೆಣ್ಣೆಯಂತಾಗದಿದ್ದರೆ ನನ್ನ ಹೆಸರು ಬದಲಾಯಿಸು.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿಕೊಂಡು ಪಾತ್ರೆ ತೊಳೆಯುವವಳು, ಪಕ್ಕದಲ್ಲಿ ಅಳಿಯ ಕೂತಿರುತ್ತಾನೆ. ಇದು ಅಳಿಯನ ಕಿವಿಗೆ ಬೀಳುವ ಮಾತಲ್ಲ. ವಿಷಯ ಇಷ್ಟೇ ಕಣೇ: ನಿನ್ನ ಭಾವ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ. ಅದರಲ್ಲಿ ಒಬ್ಬ ಹೆಂಗಸೂ ಇದ್ದಾಳೆ. ನಗಬೇಡ. ಅರವತ್ತಮೂರು ವರ್ಷದ ಕೀಲಿ ಅಂಗಡಿಯವನನ್ನು ಯಾರು ಹಾರಿಸಿಕೊಂಡು ಹೋಗುತ್ತಾರೆ ಎಂದು ನಾನೂ ನಕ್ಕಿದ್ದೆ, ನಾಲ್ಕು ತಿಂಗಳ ಹಿಂದೆ. ಈಗ ನಗು ಬರುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ. ಅವರ ಸೊಂಟದ ಸುತ್ತ, ಬೆನ್ನಿನ ಮೇಲೆ, ತೊಡೆಯ ಒಳಗೆ ಕೆಂಪು ಕಲೆಗಳಿದ್ದದ್ದು ನಿನಗೆ ಗೊತ್ತು. ಒಂಬತ್ತು ವರ್ಷದಿಂದ ಬರುತ್ತವೆ, ಹೋಗುತ್ತವೆ, ತುರಿಸುತ್ತವೆ. ಬೆವರಿನ ಕಜ್ಜಿ ಎಂದು ನಾನೇ ತೀರ್ಮಾನಿಸಿ, ಮೂಲೆಯ ಔಷಧಿ ಅಂಗಡಿಯವನು ಕೊಟ್ಟ ಆ ನೀಲಿ ಟ್ಯೂಬ್ ಹಚ್ಚುತ್ತಿದ್ದೆ. ಹಚ್ಚಿದರೆ ಮಾಯ. ನಾನು ಆ ಟ್ಯೂಬ್ ಹಂಚದ ಮನೆ ಈ ಬೀದಿಯಲ್ಲಿ ಇದೆಯಾ ಹೇಳು? ನಾಲ್ಕು ತಿಂಗಳ ಹಿಂದೆ ಸೊಂಟದ ಒಂದು ಕಲೆ ಮಾತ್ರ ದಪ್ಪಗಾಯಿತು, ಟ್ಯೂಬಿಗೂ ಜಗ್ಗಲಿಲ್ಲ. ಅವರೇ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಚರ್ಮದ ಚೂರು ತೆಗೆದರಂತೆ, ಒಂದಲ್ಲ, ಎರಡು ಸಲ. ಏನಂತೆ ಎಂದು ಕೇಳಿದರೆ, 'ಹಳೇ ಕಜ್ಜಿ ಕಣೇ, ಲೈಟ್ ಕೊಡ್ತಾರಂತೆ' ಎಂದರು. ಕಜ್ಜಿಗೆ ಯಾರಾದರೂ ಎರಡು ಸಲ ಚರ್ಮ ಕತ್ತರಿಸುತ್ತಾರಾ?

ಅಲ್ಲಿಂದ ಶುರುವಾಯಿತು ನೋಡು. ಕುದಿಯುವ ನೀರು ಹುಯ್ದುಕೊಂಡು ಉಸ್ಸಪ್ಪಾ ಎನ್ನುತ್ತಿದ್ದ ಮನುಷ್ಯ ಈಗ ಉಗುರುಬೆಚ್ಚಗಿನ ನೀರಲ್ಲಿ ಹತ್ತೇ ನಿಮಿಷ ಸ್ನಾನ ಮಾಡುತ್ತಾರೆ, ಒಳಗಿನಿಂದ ಚಿಲಕ ಹಾಕಿಕೊಂಡು. ಮೈ ಉಜ್ಜುವುದಿಲ್ಲ, ಟವೆಲಿನಿಂದ ಒತ್ತಿ ಒತ್ತಿ ಒರೆಸುತ್ತಾರೆ. ಜನ್ಮದಲ್ಲಿ ತಲೆಗೆ ಎಣ್ಣೆ ಮುಟ್ಟಿಸದವರು ವಾಸನೆಯಿಲ್ಲದ ಸಾಬೂನು, ಡಬ್ಬಿಗಟ್ಟಲೆ ಕ್ರೀಮು ತಂದಿಟ್ಟಿದ್ದಾರೆ. ಉಗುರು ಮದುಮಗನ ಹಾಗೆ ಕತ್ತರಿಸಿಕೊಳ್ಳುತ್ತಾರೆ. ಹೊಸ ಹತ್ತಿ ಬನಿಯನ್ ಆರು ತಂದಿದ್ದಾರೆ, ತಾವೇ ಆರಿಸಿ! ಮೂವತ್ತೇಳು ವರ್ಷದಲ್ಲಿ ಆ ಮನುಷ್ಯ ತನ್ನ ಬನಿಯನ್ ತಾನು ಆರಿಸಿದ್ದನ್ನು ನಾನು ಕಂಡಿಲ್ಲ. ಬಟ್ಟೆಯನ್ನು ತಾವೇ ಬೇರೆ ಒಗೆದುಕೊಳ್ಳುತ್ತಾರೆ, ಟವೆಲನ್ನು ನನ್ನ ಹಗ್ಗದಿಂದ ತೆಗೆದು ಬೇರೆ ಕಡೆ ಹಾಕುತ್ತಾರೆ. ಬೆನ್ನು ತೋರಿಸಿ, ಟ್ಯೂಬ್ ಹಚ್ಚುತ್ತೇನೆ ಎಂದರೆ, 'ಬೇಡ ಅಂದಿದ್ದಾರೆ' ಎಂದು ಅಂಗಿ ಎಳೆದುಕೊಳ್ಳುತ್ತಾರೆ. ಮೂರು ವಾರದಿಂದ ಮಲಗುವುದೂ ಹಿಂದಿನ ಕೋಣೆಯಲ್ಲಿ. ಅಂಟುರೋಗವೇನಾದರೂ ಬಂದಿದೆಯಾ, ಇಲ್ಲ ಯಾರಾದರೂ ಅಂಟಿಕೊಂಡಿದ್ದಾರಾ, ಎರಡರಲ್ಲಿ ಒಂದು ಇರಲೇಬೇಕು.

ಬೇಡ ಎಂದದ್ದು ಯಾರು ಗೊತ್ತಾ? ಸಿಸ್ಟರ್. ಆಸ್ಪತ್ರೆಯ ಲೈಟ್ ಕೋಣೆಯ ನರ್ಸ್. 'ಸಿಸ್ಟರ್ ಹೇಳಿದ್ರು, ಬಿಸಿನೀರು ಬೇಡ', 'ಸಿಸ್ಟರ್ ಹೇಳಿದ್ರು, ಉಣ್ಣೆ ಬೇಡ', 'ಸಿಸ್ಟರ್ ಹೇಳಿದ್ರು, ಬಿಸಿಲಲ್ಲಿ ತೋಳು ಮುಚ್ಚಿಕೋಬೇಕು'. ನಾನು ಮೂವತ್ತೇಳು ವರ್ಷದಿಂದ ಹೇಳಿದ ಒಂದು ಮಾತಾದರೂ ಹೀಗೆ ತಲೆಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಎಲ್ಲಿರುತ್ತಿದ್ದೆವು! ವಾರಕ್ಕೆ ಎರಡು ದಿನ, ಮಂಗಳವಾರ, ಶುಕ್ರವಾರ. ಪಕ್ಕದ ಮನೆಯ ಟೈಲರ್ ಹೆಂಡತಿಯ ತಮ್ಮನಿಗೂ ಇಂಥದೇ ಲೈಟ್ ಕೊಟ್ಟಿದ್ದರಂತೆ. ಒಂದು ಪೆಟ್ಟಿಗೆಯೊಳಗೆ ನಿಲ್ಲಿಸಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ನಾಲ್ಕೈದು ನಿಮಿಷ, ಅಷ್ಟೇ ಎಂದಳು. ನಿನ್ನ ಭಾವ ವಾಪಸ್ ಬರುವುದು ಹೋಗಿ ಎರಡೂವರೆ ಗಂಟೆ ಕಳೆದ ಮೇಲೆ. ಬಂದಾಗ ಮುಖದಲ್ಲಿ ಒಂದು ನಮೂನೆಯ ನೆಮ್ಮದಿ ಬೇರೆ.

ಇನ್ನು ಬೀಗದ ಕಥೆ. ಊರಿನವರ ಬೀಗವನ್ನೆಲ್ಲ ಹೇರ್‌ಪಿನ್ನಿನಲ್ಲಿ ತೆರೆಯುವ ಮನುಷ್ಯ ಮನೆಯಲ್ಲಿ ಒಂದು ಬೀಗ ಹಾಕಿದವರಲ್ಲ, ಬೀಗ ಮೂರ್ಖರಿಗೆ ಎನ್ನುತ್ತಿದ್ದವರು. ಈಗ ಹಿಂದಿನ ಕೋಣೆಯ ಮೇಜಿನ ಡ್ರಾಯರಿಗೆ ಬೀಗ ಬಿದ್ದಿದೆ. ಅದೂ ಅವರೇ ಮಾಡಿದ್ದು, ನಾನು ಅಡುಗೆಮನೆಯ ಚಾಕು ಹಾಕಿ ಆಡಿಸಿದರೂ ಜಪ್ಪಯ್ಯ ಎನ್ನಲಿಲ್ಲ. ಆದರೆ ಕಳ್ಳ ಎಲ್ಲಾದರೂ ಒಂದು ಕಡೆ ಮರೆಯುತ್ತಾನೆ ಕಣೇ. ಇವತ್ತು ಆಸ್ಪತ್ರೆಗೆ ಹೊರಡುವ ಅವಸರದಲ್ಲಿ ಒಂದು ಕಾಗದ ಕೀಲಿ ಉಜ್ಜುವ ಅರದ ಪೆಟ್ಟಿಗೆಯ ಕೆಳಗೆ ಬಿಟ್ಟುಹೋಗಿದ್ದಾರೆ. ಮನುಷ್ಯನ ಆಕಾರದ ಎರಡು ಚಿತ್ರ, ಒಂದು ಎದುರಿನಿಂದ, ಒಂದು ಹಿಂದಿನಿಂದ. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಕಲೆಗಳು, ಪಕ್ಕದಲ್ಲಿ ತಾರೀಖು, ಅಳತೆ. ಮುಂದಿನ ಚಿತ್ರದಲ್ಲಿ ನಿನ್ನ ಭಾವನ ಕೋಳಿಕಾಲು ಅಕ್ಷರ. ಹಿಂದಿನದರಲ್ಲಿ ದುಂಡು ದುಂಡಾದ ಬೇರೆ ಅಕ್ಷರ! ಬೆನ್ನಿಗೆ ಹನ್ನೊಂದು ಕಲೆ, ಒಂದೊಂದೂ ಅದರದರ ಜಾಗದಲ್ಲಿ.

ಈಗ ನೀನೇ ಹೇಳು. ಯಾವ ಗಂಡಸು ತನ್ನ ಬೆನ್ನನ್ನು ತಾನು ನೋಡಿಕೊಳ್ಳಬಲ್ಲ? ನನಗೆ ತೋರಿಸದ ಬೆನ್ನನ್ನು ಹೀಗೆ ಇಂಚಿಂಚು ನೋಡಿ, ಅಳೆದು, ಬರೆದಿಟ್ಟವಳು ಯಾರು? ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಚೆಕಿಂಗ್ ಟೇಬಲ್ಲಿನಲ್ಲಿ ನಿಂತವಳು ನಾನು. ಟ್ಯೂಬ್‌ಲೈಟಿನ ಕೆಳಗೆ ದಿನಕ್ಕೆ ಆರುನೂರು ಅಂಗಿ ತಿರುವಿ, ಕಲೆ ಕಂಡಲ್ಲಿ ಬಾಣದ ಸ್ಟಿಕ್ಕರ್ ಅಂಟಿಸಿದವಳು. ನನ್ನ ಕಣ್ಣು ತಪ್ಪಿಸಿ ಒಂದು ದಾರದ ಎಳೆ ಹೊರಗೆ ಹೋಗಿಲ್ಲ. ನನ್ನ ಮನೆಯ ಬೆನ್ನನ್ನು ಇನ್ನೊಬ್ಬಳು ಚೆಕ್ ಮಾಡುತ್ತಾಳೆ! ಅವರು ತಡವಾಗಿ ಬರುತ್ತಾರೆ ಎಂದಷ್ಟೇ ಹೇಳಿದ್ದಕ್ಕೆ ನೀನು ಆವತ್ತು ಫೋನಿನಲ್ಲಿ, 'ಅಕ್ಕಾ, ಒಂದು ಕಣ್ಣಿಟ್ಟಿರು' ಎಂದೆಯಲ್ಲ, ಒಂದಲ್ಲ, ಶುಕ್ರವಾರ ಎರಡೂ ಕಣ್ಣಿಟ್ಟು ಹಿಂದೆ ಹೋಗುತ್ತೇನೆ. ಗೇಟಿನ ಸದ್ದಾಯಿತು, ಅವರು ಬಂದರು. ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ.

ಶನಿವಾರ, ಮಧ್ಯಾಹ್ನ

ಪುಟ್ಟೀ, ನಿಲ್ಲಿಸಿದ ಕಾಗದವನ್ನು ಹರಿದು ಬೇರೆ ಬರೆಯೋಣ ಎಂದುಕೊಂಡೆ. ಬೇಡ, ಮೇಲಿನದೂ ಇರಲಿ, ನಿನ್ನ ಅಕ್ಕ ಎಂಥವಳು ಎಂಬುದಕ್ಕೆ ಸಾಕ್ಷಿಗೆ.

ನಿನ್ನೆ ಅವರು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದರು, ನಾನು ಹಿಂದಿನದರಲ್ಲಿ. ತಲೆಗೆ ಸ್ಕಾರ್ಫ್ ಸುತ್ತಿದ್ದೆ, ಕಪ್ಪು ಕನ್ನಡಕ ಹಾಕಿದ್ದೆ. ಇಳಿಯುವಾಗ ಕನ್ನಡಕದ ದೆಸೆಯಿಂದ ಮೆಟ್ಟಿಲು ಕಾಣದೆ ಮುಗ್ಗರಿಸಿ, ಕಂಡಕ್ಟರ್ ಕೈಲಿ 'ಅಜ್ಜಿ, ನಿಧಾನ' ಅನ್ನಿಸಿಕೊಂಡೆ. ಅಜ್ಜಿಯಂತೆ! ಆಸ್ಪತ್ರೆಯ ಎರಡನೇ ಮಹಡಿ, ಕಾರಿಡಾರಿನ ಕೊನೆ. ಬಾಗಿಲ ಕೆಳಗಿನ ಸಂದಿಯಿಂದ ನೇರಳೆ ಬೆಳಕು ಬರುತ್ತಿತ್ತು. ನಿನ್ನ ಭಾವ ಒಳಗೆ ಹೋದರು, ಗಡಿಯಾರ ನೋಡಿದೆ, ಐದನೇ ನಿಮಿಷಕ್ಕೆ ಈಚೆ ಬಂದರು. ಬಂದವರು ಮನೆ ಕಡೆ ತಿರುಗಲಿಲ್ಲ, ಪಕ್ಕದ ಕೋಣೆಗೆ ನುಗ್ಗಿದರು. ನಾನೂ ಹಿಂದೆಯೇ ಹೋಗಿ ಬಾಗಿಲಿನ ಗಾಜಿಗೆ ಮೂಗು ಒತ್ತಿದೆ.

ಒಳಗೆ ಏನು ಗೊತ್ತಾ? ಪಾಠ! ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಕಪ್ಪು ಹಲಗೆ, ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಲ್ಲಿಸುತ್ತಾರಲ್ಲ ಅಂಥ ತಲೆಯಿಲ್ಲದ ಒಂದು ಗೊಂಬೆ. ಎಲ್ಲರೂ ಜೋಡಿ ಜೋಡಿಯಾಗಿ ಕೂತಿದ್ದಾರೆ. ಗಂಡ ಹೆಂಡತಿ, ತಾಯಿ ಮಗಳು, ಒಬ್ಬ ಪೋಸ್ಟ್‌ಮ್ಯಾನ್ ಮತ್ತು ಅವನ ಅಣ್ಣ. ನಿನ್ನ ಭಾವ ಒಬ್ಬರೇ ಒಂಟಿ, ಪಕ್ಕದ ಕುರ್ಚಿಯ ಮೇಲೆ ತಮ್ಮ ಟೋಪಿ ಇಟ್ಟಿದ್ದರು. ನರ್ಸಿಗೆ ಐವತ್ತು ದಾಟಿದೆ, ಅರ್ಧ ತಲೆ ನರೆತಿದೆ, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಾಳೆ. ವಯಸ್ಸು ನೋಡಿ ನನ್ನ ಅನುಮಾನ ಅರ್ಧ ಇಳಿಯಿತು. ಉಳಿದರ್ಧ ಇಳಿಯಲಿಲ್ಲ, ನರೆತವರೇನು ಕಡಿಮೆಯೇ?

ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಕೇಳಿದೆ. ಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರೆಸುವುದು, ಮೈ ಹಸಿಯಿರುವಾಗಲೇ ಕ್ರೀಮು ಹಚ್ಚುವುದು, ಉಗುರು ಬೆಳೆಸಿದರೆ ತುರಿಸಿ ಗಾಯವಾಗಿ ಕೀವು ತುಂಬುತ್ತದೆ, ಕೀವೋ ಜ್ವರವೋ ಕಂಡರೆ ಆವತ್ತೇ ಬರುವುದು. ನಾನು ನಾಲ್ಕು ತಿಂಗಳು ಸಾಕ್ಷಿ ಎಂದು ಕೂಡಿಟ್ಟದ್ದನ್ನೆಲ್ಲ ಆ ಹೆಂಗಸು ಹಲಗೆಯ ಮೇಲೆ ಬರೆಯುತ್ತಿದ್ದಳು. 'ಇದು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ತಬ್ಬಿಕೊಳ್ಳಿ, ಪಕ್ಕದಲ್ಲಿ ಮಲಗಿ. ಕಲೆಗೆ ಹಚ್ಚೋ ಔಷಧಿ ಜೆಲ್ ಮಾತ್ರ ಮನೆಯವರು ಬರಿಗೈಲಿ ಮುಟ್ಟಬೇಡಿ' ಎಂದಳು. ಆಮೇಲೆ ಗೊಂಬೆಯ ಬೆನ್ನು ತಿರುಗಿಸಿದಳು. ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕು, ತಲೆಯಿಂದ ಪಾದದ ತನಕ ನೋಡಿ ಚಿತ್ರದಲ್ಲಿ ಗುರುತು ಹಾಕಬೇಕಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಬೆನ್ನಿನದಕ್ಕೆ ಎರಡು ಕನ್ನಡಿ ಬೇಕು, ಅದಕ್ಕಿಂತ ಮನೆಯವರ ಎರಡು ಕಣ್ಣು ವಾಸಿ ಎಂದು ನಗಿಸಿದಳು. ನಗಿಸಿ, ನಿನ್ನ ಭಾವನ ಕಡೆ ತಿರುಗಿ, 'ನಿಮ್ಮ ಮನೆಯವರು ಇವತ್ತೂ ಬರಲಿಲ್ವಾ?' ಎಂದು ಕೇಳಿದಳು. ಈ ಮಹಾನುಭಾವರು ಏನೆಂದರು ಗೊತ್ತೇನೇ? 'ಅವಳಿಗೆ ಕಣ್ಣು ಅಷ್ಟಾಗಿ ಕಾಣಲ್ಲ ಸಿಸ್ಟರ್.'

ಹೆಂಗಸು ಇದ್ದಿದ್ದರೆ ಬೇಕಾದರೆ ಕ್ಷಮಿಸುತ್ತಿದ್ದೆನೇನೋ, ಇದನ್ನು ಹೇಗೆ ಕ್ಷಮಿಸಲಿ? ಬಾಗಿಲು ದೂಡಿಕೊಂಡು ಒಳಗೆ ಹೋಗಿ, 'ಯಾರಿಗ್ರೀ ಕಣ್ಣು ಕಾಣಲ್ಲ?' ಎಂದೆ. ತಲೆಗೆ ಸ್ಕಾರ್ಫು, ಮೂಗಿನ ಮೇಲೆ ಕಪ್ಪು ಕನ್ನಡಕ. ಇಡೀ ಕೋಣೆ ನನ್ನನ್ನು ಹೊಸ ರೋಗಿ ಎಂದುಕೊಂಡಿತು. ನಿನ್ನ ಭಾವ ಮಾತ್ರ ಬಿಳಿಚಿಕೊಂಡು ಎದ್ದು ನಿಂತರು. ನರ್ಸ್ ಒಂದು ಕ್ಷಣ ನನ್ನನ್ನು ನೋಡಿದಳು, ಕುರ್ಚಿಯ ಮೇಲಿನ ಟೋಪಿ ತೆಗೆದು ಅವರ ಕೈಗೆ ಕೊಟ್ಟಳು. 'ಬನ್ನಿ ಹಾಗಾದ್ರೆ, ಈ ಬೆನ್ನು ನೋಡಿ ಹೇಳಿ. ಏಳು ಗುರುತು ಅಂಟಿಸಿದೀನಿ' ಎಂದಳು. ನಾನು ಗೊಂಬೆಯನ್ನು ಕಿಟಕಿಯ ಹತ್ತಿರ ಎಳೆಸಿದೆ, ಮೇಲಿನಿಂದ ಕೆಳಗೆ ಪಟ್ಟೆ ಪಟ್ಟೆಯಾಗಿ ನೋಡಿದೆ, ಒಂಬತ್ತು ಎಂದೆ. ಏಳು ಅವಳು ಅಂಟಿಸಿದ್ದು, ಎಂಟನೆಯದು ಜೋಡಣೆಯ ಹತ್ತಿರ ಕೂದಲೆಳೆಯಷ್ಟು ಬಿರುಕು, ಒಂಬತ್ತನೆಯದು ಭುಜದ ಮೇಲೆ ಯಾರೋ ಪುಣ್ಯಾತ್ಮ ಸಿಗರೇಟು ಸುಟ್ಟ ಗುರುತು. ಪೋಸ್ಟ್‌ಮ್ಯಾನ್ ಚಪ್ಪಾಳೆ ತಟ್ಟಿದ. ಇಷ್ಟರವರೆಗೆ ನನಗೆ ಖುಷಿಯೇ ಆಗಿತ್ತು ಕಣೇ, ಸುಳ್ಳು ಯಾಕೆ ಹೇಳಲಿ.

ಪಾಠ ಮುಗಿದ ಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡಳು. ನಿನ್ನ ಭಾವ ನೆಲ ನೋಡುತ್ತಾ, 'ಇನ್ನು ಹೇಳಿಬಿಡಿ ಸಿಸ್ಟರ್' ಎಂದರು. ಆಗ ಕಾಯಿಲೆಯ ಹೆಸರು ಹೇಳಿದಳು: ಚರ್ಮದ ಲಿಂಫೋಮಾ. ಒಂದು ಬಗೆಯ ಕ್ಯಾನ್ಸರ್ ಕಣೇ. ಮೈಯನ್ನು ಕಾಯುವ ರಕ್ತದ ಕಣಗಳೇ ಚರ್ಮದೊಳಗೆ ಬೀಡುಬಿಟ್ಟು ಹದ್ದು ಮೀರಿ ಬೆಳೆಯುತ್ತವಂತೆ. ಇವರದು ಮೊದಲ ಹಂತ, ನಿಧಾನದ ಜಾತಿ, ಹೀಗೆ ನೋಡಿಕೊಂಡು ಹೋದರೆ ಬಹಳ ಜನ ಬಹಳ ವರ್ಷ ಬದುಕುತ್ತಾರೆ ಎಂದಳು. ಸಮಾಧಾನದ ಮಾತು ಎಷ್ಟು, ನಿಜ ಎಷ್ಟು ಎಂದು ಅವಳ ಮುಖವನ್ನೇ ನೋಡಿದೆ. ಹಾಗೆಂದು ಬರೆದಿರುವ ಪುಸ್ತಕ ತೋರಿಸಿ ಎಂದೆ, ತೋರಿಸಿದಳು. ಇವರ ಫೈಲು ತೋರಿಸಿ ಎಂದೆ, ಇವರ ಒಪ್ಪಿಗೆ ಕೇಳಿ ಅದನ್ನೂ ತೋರಿಸಿದಳು. ಅದರಲ್ಲಿ ಒಂದು ಸಾಲು ಹೀಗಿತ್ತು: 'ಮೊದಲು ಹಚ್ಚಿದ್ದು: ಅಂಗಡಿಯ ಸ್ಟೀರಾಯ್ಡ್ ಮುಲಾಮು, ಒಂಬತ್ತು ವರ್ಷ. ರೋಗಿ ತಾನೇ ಕೊಂಡದ್ದು.'

'ತಾನೇ ಅಲ್ಲ, ನಾನು ಕೊಂಡದ್ದು' ಎಂದೆ. ಆ ಮುಲಾಮಿಗೆ ಏನಾಗಿದೆ ಎಂದು ಕೇಳಿದೆ. ಹೇಳಲು ಹಿಂದೆ ಮುಂದೆ ನೋಡಿದಳು, ನಾನು ಬಿಡಲಿಲ್ಲ. ಅದು ಕೆಂಪನ್ನು ಇಳಿಸುತ್ತದೆ, ತುರಿಕೆ ನಿಲ್ಲಿಸುತ್ತದೆ, ಡಾಕ್ಟರು ಬರೆದುಕೊಟ್ಟರೆ ಅದೂ ಔಷಧಿಯೇ. ಡಾಕ್ಟರಿಗೆ ತೋರಿಸದೆ ನಾವೇ ಹಚ್ಚುತ್ತಾ ಹೋದರೆ ಮಾತ್ರ ಒಳಗೆ ಏನಿದೆ ಎಂದು ಯಾರಿಗೂ ಕಾಣದ ಹಾಗೆ ಮುಚ್ಚಿಬಿಡುತ್ತದಂತೆ. 'ಮರೆಯಾದದ್ದೆಲ್ಲ ವಾಸಿಯಾದದ್ದಲ್ಲ ಅಮ್ಮಾ' ಎಂದಳು. ಫ್ಯಾಕ್ಟರಿಯಲ್ಲಿ ಒಬ್ಬ ಹುಡುಗಿ ಕಲೆಯ ಮೇಲೆ ಇಸ್ತ್ರಿ ಎಳೆದು, ಲೇಬಲ್ ಹೊಲಿದು ಕಳಿಸುತ್ತಿದ್ದಳು ಎಂದು ನಾನು ಅವಳನ್ನು ಎಲ್ಲರೆದುರು ಅಳಿಸಿದ್ದು ನಿನಗೆ ಹೇಳಿದ್ದೆನಲ್ಲ? ಒಂಬತ್ತು ವರ್ಷ ನಾನು ಮಾಡಿದ್ದು ಅದೇ. ಕಾಯಿಲೆ ನಿಮ್ಮಿಂದ ಬಂದದ್ದಲ್ಲ, ಮೊದಲ ಸಲ ತೆಗೆದ ಚೂರಿನಲ್ಲಿ ಡಾಕ್ಟರಿಗೂ ಸಿಗಲಿಲ್ಲ, ಇದು ಎಲ್ಲರ ಕಣ್ಣಿಗೂ ಮಣ್ಣೆರಚುವ ಕಾಯಿಲೆ ಎಂದು ನರ್ಸ್ ಎರಡೆರಡು ಸಲ ಹೇಳಿದಳು. ಇರಬಹುದು. ಆದರೆ ನನ್ನ ಮೇಲೆ ನನಗೆ ಹುಟ್ಟಿದ ಅನುಮಾನವನ್ನು ಯಾವ ನರ್ಸ್ ತೆಗೆಯುತ್ತಾಳೆ ಹೇಳು?

ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು, ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. 'ನಿನಗೆ ಗೊತ್ತಾದ್ರೆ ನೀನು ನನ್ನ ಮುಖ ನೋಡಲ್ಲ ಕಣೇ, ಆ ಟ್ಯೂಬ್ ನೋಡ್ತಾ ಕೂತ್ಬಿಡ್ತೀಯ' ಎಂದರು. ಬೆನ್ನು ತೋರಿಸಿದರೆ ನಾನು ಪ್ರಶ್ನೆ ಕೇಳುತ್ತೇನೆ, ಪ್ರಶ್ನೆ ಕೇಳಿದರೆ ಅವರಿಗೆ ನನ್ನ ಮುಂದೆ ಮತ್ತೆ ಮತ್ತೆ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಅಂಗಿ ಎಳೆದುಕೊಳ್ಳುತ್ತಿದ್ದದ್ದು. ಒಂದೇ ಪಾಠವನ್ನು ವಾರಕ್ಕೆ ಎರಡು ಸಲ ಕೇಳುತ್ತಿದ್ದದ್ದೂ ಅದಕ್ಕೇ, ಪಾಠದ ನೆಪದಲ್ಲಿ ನರ್ಸ್ ಬೆನ್ನು ನೋಡಿ ಗುರುತು ಹಾಕಿಕೊಡುತ್ತಿದ್ದಳು. ನಾನು ಬೀದಿಯಲ್ಲಿ ಗೋಳೋ ಎಂದು ಅತ್ತೆ. ಅಳುತ್ತಲೇ, ಕಣ್ಣು ಕಾಣಲ್ಲ ಅಂದಿರಲ್ಲ, ಅದಕ್ಕೆ ಬೇರೆ ಸುಳ್ಳು ಸಿಗಲಿಲ್ಲವಾ ಎಂದು ಬೈದೆ. ಅವರು ಜೇಬಿನಿಂದ ಡ್ರಾಯರಿನ ಕೀಲಿ ತೆಗೆದು ಕೊಟ್ಟರು. ಬೀಗ ಮಾಡಿದ ದಿನವೇ ಎರಡು ಕೀಲಿ ಮಾಡಿದ್ದರಂತೆ, ಎರಡನೆಯದು ಕೊಡಲು ಧೈರ್ಯ ಬಂದಿರಲಿಲ್ಲವಂತೆ.

ಇವತ್ತು ಬೆಳಿಗ್ಗೆ ಕಿಟಕಿಯ ಹತ್ತಿರ ಸ್ಟೂಲ್ ಹಾಕಿ ಕೂರಿಸಿ, ಕೈಗೆ ಗ್ಲೌಸ್ ಹಾಕಿಕೊಂಡು ನೋಡಿದೆ. ಪುಟ್ಟೀ, ಅದನ್ನು ನೋಡಿದರೆ ನೀನೂ ಅಳುತ್ತಿದ್ದೆ. ಅವರ ಕೈ ಎಟುಕುವ ತನಕ ಜೆಲ್ ಬಿದ್ದಿದೆ, ಅಲ್ಲಿಯ ಕಲೆಗಳು ತಿಳಿಯಾಗಿವೆ. ಬೆರಳ ತುದಿ ನಿಲ್ಲುವಲ್ಲಿಂದ ಆಚೆಗೆ, ಬೆನ್ನಿನ ನಟ್ಟನಡುವೆ, ಒಂದೂ ಕದಲಿಲ್ಲ. ಮನೆಯಲ್ಲಿ ನಾನಿದ್ದೂ ಅಷ್ಟು ಜಾಗಕ್ಕೆ ಔಷಧಿ ಮುಟ್ಟಿಸುವವರಿರಲಿಲ್ಲ. ಚಿತ್ರದಲ್ಲಿ ಹಿಂದೆ ಮುಂದೆ ಎಲ್ಲ ಸೇರಿ ಹದಿನಾರು ಕಲೆ. ನನಗೆ ಸಿಕ್ಕಿದ್ದು ಹದಿನೇಳು. ಎಡಕಿವಿಯ ಹಿಂದೆ ಕೂದಲ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಒಂದು. ಹೊಸದೋ, ಮೊದಲೇ ಇದ್ದದ್ದೋ ಗೊತ್ತಿಲ್ಲ. ತಾರೀಖು ಹಾಕಿ ಬರೆದಿದ್ದೇನೆ, ಮಂಗಳವಾರ ಇಬ್ಬರೂ ಹೋಗಿ ತೋರಿಸುತ್ತೇವೆ. ಅಷ್ಟರ ತನಕ ನಾನು ದಿನ ಎಣಿಸುತ್ತಾ ಕೂರಬೇಕು. ಅವರು ಮಾತ್ರ ಬೆನ್ನು ಬಿಟ್ಟುಕೊಂಡು, 'ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸಬೇಡ ಮತ್ತೆ' ಎಂದು ತಮಾಷೆ ಮಾಡುತ್ತಾ ಕೂತಿದ್ದರು.

ಮಂಗಳವಾರ ಡಾಕ್ಟರು ಏನೆನ್ನುತ್ತಾರೋ ಫೋನ್ ಮಾಡುತ್ತೇನೆ, ಸ್ಪೀಕರ್ ಹಾಕಿದರೂ ಪರವಾಗಿಲ್ಲ, ಅಳಿಯನೂ ಕೇಳಲಿ. ನಿನ್ನ ಮಗಳಿಗೆ ದೊಡ್ಡಮ್ಮನ ಆಶೀರ್ವಾದ ತಿಳಿಸು. ಗುಂಡ ನೂರು ವರ್ಷ ಬಾಳಲಿ, ಅದರಲ್ಲಿ ಹತ್ತು ವರ್ಷ ನಿನ್ನ ಮಂಡಿಗೆ ಬರಲಿ. ನಿನ್ನ ಭಾವ ನಿನ್ನನ್ನು ಕೇಳಿದ್ದಾರೆ, ಅವರ ಮೇಲೆ ಅನುಮಾನಪಟ್ಟದ್ದರಲ್ಲಿ ನಿನಗೂ ಅರ್ಧ ಪಾಲಿದೆ ಎಂದು ಹೇಳಿದ್ದೇನೆ.

ಇಂತು ನಿನ್ನ,
ಎರಡೂ ಕಣ್ಣು ಚೆನ್ನಾಗಿಯೇ ಕಾಣುವ ಅಕ್ಕ

ಮರೆತಿದ್ದೆ: ಕವರಿಗೆ ಹಾಕುವ ಮುಂಚೆ ಮೊದಲ ಪುಟದಿಂದ ಓದಿದೆ. ಅಯ್ಯೋ ಪುಟ್ಟೀ, ನಿನ್ನ ಕೈಚೀಲದಲ್ಲಿ ಇಟ್ಟ ಆ ಟ್ಯೂಬ್! ಮಂಗಳವಾರ ನನ್ನ ಕೈಯಾರೆ ಬರೆದಿದ್ದೇನೆ, ದಿನಕ್ಕೆರಡು ಸಲ ಎಂದು. ಎರಡು ತಿಂಗಳ ಕೂಸಿನ ಕೆನ್ನೆಗೆ! ಮೂರು ಸಲ ಫೋನ್ ಮಾಡಿದೆ, ನೀನು ಎತ್ತುತ್ತಿಲ್ಲ, ನಿನ್ನ ಮಗಳದು ಆಫ್ ಆಗಿದೆ. ಎತ್ತುವ ತನಕ ಮಾಡುತ್ತಲೇ ಇರುತ್ತೇನೆ, ಅದಕ್ಕೂ ಮುಂಚೆ ಈ ಕಾಗದ ಕೈಗೆ ಬಂದರೆ ನಿಂತ ಕಾಲಲ್ಲಿ ಹೋಗಿ ಆ ಟ್ಯೂಬ್ ತೆಗೆದಿಡು. ಗುಂಡನದು ಬರೀ ಜೊಲ್ಲಿನ ಕೆಂಪೇ ಇರಬಹುದು, ಆದರೆ ಹಾಗೆಂದು ನಾನು ಹೇಳಬಾರದು, ನೀನೂ ಹೇಳಬಾರದು. ಮಕ್ಕಳ ಡಾಕ್ಟರಿಗೆ ತೋರಿಸು, ಟ್ಯೂಬನ್ನೂ ತೆಗೆದುಕೊಂಡು ಹೋಗು, ಹಚ್ಚಿದ್ದರೆ ಎಷ್ಟು ದಿನ ಹಚ್ಚಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳು, ಬೇಕಾದರೆ ನನ್ನ ಹೆಸರು ಹೇಳು. ಕೆನ್ನೆ ಇನ್ನೂ ಕೆಂಪಗೇ ಇದೆ, ಟ್ಯೂಬ್ ನೋಡಿಯೇ ಇರಲಿಲ್ಲ ಎಂದು ನೀನು ಹೇಳಿದರೆ ಸಾಕು ಕಣೇ, ಅದಕ್ಕಿಂತ ಒಳ್ಳೆಯ ಸುದ್ದಿ ನನಗೆ ಬೇಡ.